ಬೀದಿ ನಾಯಿ ಕಾಟ: ಮನೆಮಂದಿಯನ್ನೂ ಸಾಕಿದ ಪ್ರಾಣಿಯನ್ನೂ ಕಾಪಾಡಲು ಯಾವುದು ಮೊದಲು, ಯಾವುದು ಆಮೇಲೆ

ನಾಯಿ ಕಚ್ಚಿದರೆ ಏನು ಮಾಡಬೇಕು ಅಂತ ಹುಬ್ಬಳ್ಳಿ-ಧಾರವಾಡದಲ್ಲಿ ಯಾರನ್ನೇ ಕೇಳಿ, ಉತ್ತರ ಗೊತ್ತಿರುತ್ತದೆ. ಗಾಯ ತೊಳೆಯಬೇಕು, ಇಂಜೆಕ್ಷನ್ ಮಾಡಿಸಬೇಕು, ಪಾಲಿಕೆಗೆ ಹೇಳಬೇಕು. ಆದರೂ ಜನ ಮತ್ತೆ ಮತ್ತೆ ಎಡವುತ್ತಿದ್ದಾರೆ, ಅದೂ ಒಂದೇ ಕಡೆ. ಕ್ರಮ ತಪ್ಪುತ್ತದೆ. ಕಚ್ಚಿದ ನಾಯಿಯನ್ನು ಬಡಿಗೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಾರೆ, ಅದಕ್ಕೆ ಅನ್ನ ಹಾಕಿದವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಗ್ರೂಪಿಗೆ ಫೋಟೊ ಹಾಕುತ್ತಾರೆ. ಗಾಯಕ್ಕೆ ನೀರು ಬೀಳುವುದು ಒಂದು ತಾಸಾದ ಮೇಲೆ. ಸಾಕಿದ ನಾಯಿಯ ವಿಷಯದಲ್ಲೂ ಹೀಗೇ. ಬೆಲ್ಟು, ಬಟ್ಟಲು, ಹಾಸಿಗೆ ಎಲ್ಲಾ ಮೊದಲು ಬರುತ್ತದೆ, ಲಸಿಕೆ ಕೊನೆಗೆ.

ಹಾಗಾಗಿ ಇಲ್ಲಿ ಹಂತಗಳನ್ನು ಕ್ರಮವಾಗಿ ಬರೆದಿದ್ದೇನೆ. ಈಗಾಗಲೇ ನಾಯಿ ಕಚ್ಚಿದ್ದರೆ ಉಳಿದದ್ದನ್ನು ಬಿಟ್ಟು ನೇರವಾಗಿ ಆರನೇ ಹಂತಕ್ಕೆ ಹೋಗಿ. ಓದುತ್ತಾ ಕೂರಬೇಡಿ, ನೀರು ಹಾಕುತ್ತಾ ಓದಿ.

ಮನೆಯಲ್ಲಿ ಇರಬೇಕಾದ ಸಾಮಾನು

ದುಬಾರಿಯಾದದ್ದು ಏನೂ ಬೇಕಿಲ್ಲ. ಒಂದು ಸಾಬೂನು, ಪೊವಿಡೋನ್ ಅಯೋಡಿನ್ ಔಷಧಿಯ ಸಣ್ಣ ಬಾಟಲಿ, ಸ್ವಚ್ಛ ಬಟ್ಟೆ, ಒಂದು ಜೊತೆ ಕೈಗವಸು. ಹೊರಗೆ ಹೋಗುವಾಗ ಹಿಡಿಯಲು ಉದ್ದನೆಯ ಕೊಡೆ. ನಾಯಿ ಸಾಕಿದವರಿಗೆ ಗಟ್ಟಿ ಬೆಲ್ಟು, ನಾಲ್ಕರಿಂದ ಆರು ಅಡಿಯ ಹಗ್ಗ, ಹಳೆಯ ದಪ್ಪ ಚಾದರ. ಹಿಗ್ಗುವ ಹಗ್ಗ ಬೇಡ. ಬಟನ್ ಒತ್ತಿದರೆ ಉದ್ದಕ್ಕೆ ಬಿಟ್ಟುಕೊಳ್ಳುವ ಹಗ್ಗ ನೋಡಲು ಚೆಂದ, ಆದರೆ ಎದುರಿಗೆ ಹಿಂಡು ಬಂದಾಗ ನಿಮ್ಮ ನಾಯಿಯನ್ನು ತಟ್ಟನೆ ಹತ್ತಿರಕ್ಕೆ ಎಳೆಯಲು ಆಗುವುದಿಲ್ಲ.

ನೀರಿನ ಬಗ್ಗೆಯೂ ಯೋಚಿಸಿ. ನಮ್ಮಲ್ಲಿ ಎಷ್ಟೋ ಓಣಿಗಳಿಗೆ ನಳದ ನೀರು ದಿನಾ ಬರುವುದಿಲ್ಲ. ಬ್ಯಾರಲ್ ತಳ ಕಂಡಿರುವ ದಿನವೇ ನಾಯಿ ಕಚ್ಚಬಹುದು. ಒಂದೆರಡು ಬಕೆಟ್ ನೀರನ್ನು ಯಾವತ್ತೂ ಖಾಲಿ ಮಾಡದೆ ಇಟ್ಟಿರಿ.

ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿ: 108 ಆಂಬುಲೆನ್ಸ್, 112 ತುರ್ತು ಸೇವೆ, 1962 ಪಶು ಚಿಕಿತ್ಸೆಯ ಸಹಾಯವಾಣಿ. ಜೊತೆಗೆ ಪಾಲಿಕೆಯ ನಿಮ್ಮ ವಲಯ ಕಚೇರಿಯ ನಂಬರು, ನಿಮ್ಮ ಪಶು ವೈದ್ಯರ ನಂಬರು.

1. ಯಾವ ನಾಯಿ ಅಪಾಯ ಅಂತ ಮೊದಲು ಗುರುತಿಸಿ

ಬೊಗಳುವ ನಾಯಿಯೆಲ್ಲಾ ಕಚ್ಚುವುದಿಲ್ಲ, ಸುಮ್ಮನಿರುವ ನಾಯಿಯೆಲ್ಲಾ ಸಾಧುವೂ ಅಲ್ಲ. ಓಣಿಯ ನಾಯಿಗಳನ್ನು ಒಂದು ವಾರ ಗಮನಿಸಿ. ಎಷ್ಟಿವೆ, ಎಲ್ಲಿ ಮಲಗುತ್ತವೆ, ಎಷ್ಟು ಹೊತ್ತಿಗೆ ಎಲ್ಲಿ ಸೇರುತ್ತವೆ, ಯಾವುದರ ಕಿವಿಯ ತುದಿ ಕತ್ತರಿಸಿದೆ, ಇಷ್ಟನ್ನು ಬರೆದಿಡಿ. ಕಿವಿಗೆ ಗುರುತು ಇದ್ದರೆ ಅದಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ, ಆಗ ರೇಬೀಸ್ ಲಸಿಕೆಯೂ ಹಾಕಿರುತ್ತಾರೆ. ಆದರೆ ಲಸಿಕೆಯ ಬಲ ಕೆಲವು ವರ್ಷಕ್ಕೆ ಇಳಿಯುತ್ತದೆ. ಕಿವಿಯ ಗುರುತು ನೋಡಿ ಇಂಜೆಕ್ಷನ್ ಬೇಡ ಅಂತ ಯಾರೂ ತೀರ್ಮಾನಿಸಬಾರದು.

ಮೈಮೇಲೆ ಬರುವ ಮುಂಚೆ ನಾಯಿ ಸೂಚನೆ ಕೊಡುತ್ತದೆ. ಮೈ ಸೆಟೆದು ನಿಲ್ಲುತ್ತದೆ. ಬಾಲ ನೆಟ್ಟಗೆ ಮೇಲಕ್ಕೆ ಹೋಗಿ ಅಲುಗಾಡದೆ ನಿಲ್ಲುತ್ತದೆ, ಅಥವಾ ತುದಿಯಷ್ಟೇ ಸಣ್ಣಗೆ ನಡುಗುತ್ತದೆ. ಬೆನ್ನ ಮೇಲಿನ ಕೂದಲು ಏಳುತ್ತದೆ. ರೆಪ್ಪೆ ಮಿಟುಕಿಸದೆ ನಿಮ್ಮನ್ನೇ ದಿಟ್ಟಿಸುತ್ತದೆ. ಬೊಗಳುತ್ತಿದ್ದ ನಾಯಿ ಒಮ್ಮೆಲೇ ಸುಮ್ಮನಾಗಿ ಗಂಟಲಲ್ಲೇ ಗುರ್ ಅಂದರೆ ಜಾಸ್ತಿ ಹುಷಾರಾಗಿ. ಬಾಲ ಕಾಲ ಸಂದಿಗೆ ಹಾಕಿ ಮೂಲೆ ಸೇರಿದ ನಾಯಿಯೂ ಕಚ್ಚುತ್ತದೆ. ಅದಕ್ಕೆ ಓಡಲು ಬೇರೆ ದಾರಿ ಇರುವುದಿಲ್ಲ.

ಮರಿ ಹಾಕಿದ ತಾಯಿ ನಾಯಿ ಇನ್ನೊಂದು ಅಪಾಯ. ಮರಿಗಳ ಹತ್ತಿರ ಮಕ್ಕಳು ಬಿಸ್ಕೆಟ್ ಹಿಡಿದು ಹೋಗುತ್ತಾರೆ, ತಾಯಿ ಹಾರುತ್ತದೆ. ಮರಿ ಇರುವ ಜಾಗ ಗೊತ್ತಾದ ತಕ್ಷಣ ಓಣಿಯ ಮಕ್ಕಳಿಗೆಲ್ಲಾ ಹೇಳಿಬಿಡಿ. ಬೆದೆಗೆ ಬಂದ ಹೆಣ್ಣು ನಾಯಿಯ ಹಿಂದೆ ಏಳೆಂಟು ಗಂಡು ನಾಯಿಗಳು ತಿರುಗುವ ದಿನಗಳಲ್ಲಂತೂ ಆ ಹಿಂಡಿನ ಸಮೀಪ ಹೋಗಲೇಬೇಡಿ.

ರೇಬೀಸ್ ತಗಲಿದ ನಾಯಿಯ ಚಹರೆ ಬೇರೆ. ಇದ್ದಕ್ಕಿದ್ದಂತೆ ನಡವಳಿಕೆ ಬದಲಾಗುತ್ತದೆ. ಜಗಳಗಂಟ ನಾಯಿ ಮಂಕಾಗಬಹುದು, ಸಾಧು ನಾಯಿ ಕಂಡದ್ದನ್ನೆಲ್ಲಾ ಕಚ್ಚಬಹುದು. ಕಲ್ಲು, ಕಟ್ಟಿಗೆ ಕಡಿಯುತ್ತದೆ. ಬೊಗಳುವ ದನಿ ಒಡೆದಂತಾಗುತ್ತದೆ. ಕೆಳ ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ, ಹಿಂಗಾಲು ತೂರಾಡುತ್ತದೆ. ದವಡೆ ಜೋತುಬಿದ್ದ ನಾಯಿಯನ್ನು ಕಂಡು ಗಂಟಲಲ್ಲಿ ಎಲುಬು ಸಿಕ್ಕಿದೆ ಅಂತ ಕೈ ಹಾಕಲು ಹೋಗುವವರಿದ್ದಾರೆ. ಕರುಣೆಯಿಂದಲೇ ಮಾಡುತ್ತಾರೆ, ಆದರೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ದೂರ ನಿಂತು ಪಾಲಿಕೆಗೆ ಫೋನ್ ಮಾಡಿ.

2. ನಿಮ್ಮ ಮನೆಯ ನಾಯಿ, ಬೆಕ್ಕಿನಿಂದ ಶುರು ಮಾಡಿ

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆಯ ಮೊದಲ ಡೋಸ್ ಹಾಕಿಸಿ. ಆಮೇಲೆ ವೈದ್ಯರು ಹೇಳಿದಾಗ ಬೂಸ್ಟರ್, ನಂತರ ವರ್ಷಕ್ಕೊಮ್ಮೆ. ನಾಯಿಮರಿಗೆ ಬರುವ ಡಿಸ್ಟೆಂಪರ್, ಪಾರ್ವೊ ರೋಗಗಳ ಲಸಿಕೆ ಇದಕ್ಕೂ ಮುಂಚೆ, ಆರರಿಂದ ಎಂಟು ವಾರಕ್ಕೆ ಶುರುವಾಗುತ್ತದೆ. ಬೆಕ್ಕಿಗೂ ರೇಬೀಸ್ ಲಸಿಕೆ ಬೇಕು. ಇದನ್ನು ಬಹಳ ಜನ ಮರೆಯುತ್ತಾರೆ, ರಾತ್ರಿಯೆಲ್ಲಾ ಗೋಡೆ ಹಾರಿ ತಿರುಗಿ ಬರುವುದು ಬೆಕ್ಕೇ ಅಲ್ವಾ? ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುವುದುಂಟು, ವಿಚಾರಿಸಿ. ಗದಗದ ಕಡೆಯವರಿಗೆ ಅಲ್ಲಿ ಪಶು ವೈದ್ಯಕೀಯ ಕಾಲೇಜೂ ಇದೆ.

ಲಸಿಕೆ ಕಾರ್ಡನ್ನು ಆಧಾರ್ ಇಡುವ ಫೈಲಿನಲ್ಲೇ ಇಡಿ. ನಿಮ್ಮ ನಾಯಿ ಯಾರಿಗಾದರೂ ಕಚ್ಚಿತು ಅಂತ ದೂರು ಬಂದರೆ ಮೊದಲು ಕೇಳುವುದು ಅದನ್ನೇ. ಸಾಕು ನಾಯಿಯ ನೋಂದಣಿಗೆ ಏನೇನು ಬೇಕು ಅಂತ ವಲಯ ಕಚೇರಿಯಲ್ಲಿ ಕೇಳಿ ಮುಗಿಸಿಬಿಡಿ.

ದೊಡ್ಡ ತಳಿಯವರಿಗೆ ಒಂದು ಮಾತು. ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳನ್ನು ತಡೆಯಲು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಹಾಗಂತ ಮಾಲೀಕರ ಹೊಣೆ ರದ್ದಾಗಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ತನ್ನ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮುಧೋಳ ನಾಯಿ ಸಾಕಿದವರೂ ಇದನ್ನು ಓದಿಕೊಳ್ಳಿ. ಅದು ಬೇಟೆಗೆ ಓಡುವ ತಳಿ. ಬೆಕ್ಕೋ ಆಡಿನ ಮರಿಯೋ ಕಂಡರೆ ಕ್ಷಣದಲ್ಲಿ ಗೇಟು ದಾಟಿರುತ್ತದೆ.

ಗೇಟಿನ ಚಿಲಕ ಒಳಗಿನಿಂದ ಬೀಳಬೇಕು. ಗೇಟಿನ ಕೆಳಗಿನ ಸಂದಿಯಲ್ಲಿ ನಿಮ್ಮ ನಾಯಿಯ ಮೂತಿ ಹೊರಗೆ ಬರುತ್ತಿದ್ದರೆ ಅದನ್ನು ಮುಚ್ಚಿ. ಆ ಸಂದಿಯಲ್ಲೇ ಒಳಗಿನ ನಾಯಿ, ಹೊರಗಿನ ನಾಯಿ ದಿನಾ ಕಾದಾಡುತ್ತವೆ, ಮೂಗಿಗೆ ಗಾಯ ಆಗುವುದೂ ಅಲ್ಲೇ. ಹೊರಗೆ ಜನ ಇರುವ ಕಡೆ ದೊಡ್ಡ ನಾಯಿಗೆ ಬಾಯಿ ಪಟ್ಟಿ ಹಾಕಿ. ಹಾಕಿದರೂ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು, ಅಂಥ ಬುಟ್ಟಿ ಆಕಾರದ್ದನ್ನೇ ಕೊಳ್ಳಿ.

3. ಹೊರಗೆ ಹೋಗುವ ಹೊತ್ತು, ದಾರಿ

ಬೀದಿ ನಾಯಿಗಳ ಹಿಂಡು ಜೋರಾಗುವುದು ಎರಡು ಹೊತ್ತಿನಲ್ಲಿ. ಒಂದು, ರಾತ್ರಿ ಖಾನಾವಳಿ, ಸಾವಜಿ ಹೋಟೆಲು, ಮಾಂಸದಂಗಡಿ ಬಾಗಿಲು ಹಾಕಿ ಎಲುಬು, ಉಳಿಕೆ ಹೊರಗೆ ಬೀಳುವಾಗ. ಇನ್ನೊಂದು, ಬೆಳಗಿನ ಜಾವ ರಸ್ತೆ ಖಾಲಿ ಇರುವಾಗ. ಹಾಲು, ಪೇಪರ್ ಹಾಕುವ ಹುಡುಗರಿಗೂ ಬಸ್ಸು, ರೈಲಿಗೆ ಹೊರಟವರಿಗೂ ಕಾಟ ಕೊಡುವುದು ಈ ಎರಡನೇ ಹೊತ್ತು. ಸಾಕಿದ ನಾಯಿಯನ್ನು ಅಡ್ಡಾಡಿಸಲು ಈ ಎರಡೂ ಹೊತ್ತು ಬಿಡಿ. ಸೂರ್ಯ ಹುಟ್ಟಿ ಜನ ಓಡಾಡಲು ಶುರುವಾದ ಮೇಲೆ ಹೋಗಿ.

ಉಣಕಲ್ ಕೆರೆ ಕಡೆ ಇರಲಿ, ಧಾರವಾಡದ ಕೆಲಗೇರಿ, ಸಾಧನಕೇರಿ ಕಡೆ ಇರಲಿ, ವಾಕಿಂಗ್ ದಾರಿ ಚೆನ್ನಾಗಿರುತ್ತದೆ. ಅಲ್ಲಿಗೆ ಹೋಗುವ ಓಣಿಗಳಲ್ಲಿ ಮಾತ್ರ ಒಂದೊಂದು ಹಿಂಡಿನ ಒಂದೊಂದು ಗಡಿ ಇರುತ್ತದೆ. ನಿಮ್ಮನ್ನು ನಿಮ್ಮ ಓಣಿಯ ನಾಯಿಗೆ ಗೊತ್ತು, ಪಕ್ಕದ ಓಣಿಯ ನಾಯಿಗೆ ಗೊತ್ತಿಲ್ಲ. ನಿಮ್ಮ ಜೊತೆ ಇನ್ನೊಂದು ನಾಯಿ ಇದ್ದರಂತೂ ಗಡಿ ದಾಟಿದ ಕೂಡಲೇ ಜಗಳ. ಮೊದಲನೇ ಹಂತದಲ್ಲಿ ಬರೆದಿಟ್ಟದ್ದು ಈಗ ಕೆಲಸಕ್ಕೆ ಬರುತ್ತದೆ. ಹಿಂಡು ಇರುವ ತಿರುವು ಬಿಟ್ಟು ಎರಡು ನಿಮಿಷ ಸುತ್ತು ಹಾಕಿ ಹೋಗಿ.

ಕೈಯಲ್ಲಿ ಮಾಂಸದ ಚೀಲ ಹಿಡಿದು ನಡೆದು ಬರಬೇಡಿ, ಮುಚ್ಚಳದ ಡಬ್ಬಿ ಒಯ್ಯಿರಿ. ಹಗ್ಗದ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ, ನಾಯಿ ಎಳೆದರೆ ನೀವೂ ಬೀಳುತ್ತೀರಿ. ಹಗ್ಗದ ಕುಣಿಕೆಯಲ್ಲಿ ಹೆಬ್ಬೆರಳು ತೂರಿಸಿ ಮುಷ್ಟಿ ಕಟ್ಟಿ. ಬೇಕೆಂದಾಗ ಬಿಡಲು ಬರಬೇಕು.

4. ನಾಯಿ ಮೈಮೇಲೆ ಬಂದಾಗ

ಓಡಬೇಡಿ. ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ, ಓಟದಲ್ಲಿ ಅದನ್ನು ಗೆಲ್ಲಲೂ ಆಗುವುದಿಲ್ಲ. ಕೆಳಗಿನ ಕ್ರಮದಲ್ಲೇ ಮಾಡಿ.

ನಿಲ್ಲಿ. ಕೈ ಬೀಸಬೇಡಿ, ಕಿರುಚಬೇಡಿ. ಪೂರ್ತಿ ಎದುರಿಗೆ ನಿಲ್ಲುವ ಬದಲು ಮೈಯನ್ನು ಸ್ವಲ್ಪ ಓರೆ ಮಾಡಿ. ಕಣ್ಣಿಗೆ ಕಣ್ಣು ಕೊಡದೆ ನಾಯಿಯ ಕಾಲಿನ ಕಡೆ ನೋಡುತ್ತಾ ಇರಿ, ಆದರೆ ನಾಯಿಯ ಮೇಲಿಂದ ಗಮನ ತೆಗೆಯಬೇಡಿ. ಚೀಲ, ಕೊಡೆ, ಸೈಕಲ್, ಏನಿದೆಯೋ ಅದನ್ನು ನಡುವೆ ತನ್ನಿ. ಕೊಡೆಯನ್ನು ಫಟ್ಟನೆ ಬಿಚ್ಚಿದರೆ ಬಹಳಷ್ಟು ನಾಯಿ ಹಿಂದೆ ಸರಿಯುತ್ತವೆ. ದಪ್ಪ ದನಿಯಲ್ಲಿ ಒಂದೇ ಸಲ "ಹಚಾ!" ಅನ್ನಿ. ಆಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಬೆನ್ನು ತೋರಿಸುವುದು ನಾಯಿ ನಿಂತ ಮೇಲೆ ಮಾತ್ರ.

ಕಲ್ಲು ಎತ್ತಿಕೊಂಡಂತೆ ಬಾಗಿದರೆ ಕೆಲವು ನಾಯಿ ಓಡುತ್ತವೆ, ನಿಜ. ಆದರೆ ಹಿಂಡಿನ ನಡುವೆ ಬಾಗಿದರೆ ನಿಮ್ಮ ಮುಖ ಅವುಗಳ ಬಾಯಿ ಮಟ್ಟಕ್ಕೆ ಬರುತ್ತದೆ. ಒಂಟಿ ನಾಯಿ ದೂರದಲ್ಲಿದ್ದಾಗ ಮಾತ್ರ ಈ ಉಪಾಯ. ಕಲ್ಲು ಹೊಡೆಯುವುದು ಬೇಡ. ಹೊಡೆಸಿಕೊಂಡ ನಾಯಿ ನಾಳೆ ಆ ದಾರಿಯಲ್ಲಿ ಬರುವ ಮಗುವಿನ ಮೇಲೆ ಹಾರುತ್ತದೆ.

ಬಿದ್ದುಬಿಟ್ಟರೆ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಮುದುಡಿ ಮಲಗಿ. ಗದ್ದ ಎದೆಗೆ ಒತ್ತಿ, ಬೆರಳು ಹೆಣೆದು ಕುತ್ತಿಗೆ ಹಿಂದೆ ಇಡಿ, ಮೊಣಕೈಗಳಿಂದ ಕಿವಿ ಮುಚ್ಚಿ. ಮಕ್ಕಳಿಗೆ ಇದನ್ನು ಮನೆಯಲ್ಲಿ ಆಟದ ಹಾಗೆ ಕಲಿಸಿ. "ನಾಯಿ ಬಂತು" ಅಂದರೆ ಕಂಬದ ಹಾಗೆ ನಿಲ್ಲುವುದು, "ಬಿದ್ದೆ" ಅಂದರೆ ಮುದುಡುವುದು. ದೊಡ್ಡವರು ಬಾಯಲ್ಲಿ ಹೇಳಿದ್ದು ಆ ಗಾಬರಿಯಲ್ಲಿ ನೆನಪಾಗುವುದಿಲ್ಲ, ಮೈ ಮಾಡಿ ಕಲಿತದ್ದು ನೆನಪಿರುತ್ತದೆ.

ಗಾಡಿ ಮೇಲೆ ಇದ್ದಾಗ ಜನ ಮಾಡುವ ತಪ್ಪು ಎಕ್ಸಿಲೇಟರ್ ತಿರುಗಿಸುವುದು, ಕಾಲು ಮೇಲೆತ್ತುವುದು. ಗಾಯ ಜಾಸ್ತಿ ಆಗುವುದು ಬೀಳುವುದರಿಂದ. ವೇಗ ನಿಧಾನಕ್ಕೆ ಇಳಿಸಿ. ಹಿಂದೆ ಮುಂದೆ ವಾಹನ ಇಲ್ಲದಿದ್ದರೆ ಪಕ್ಕಕ್ಕೆ ನಿಲ್ಲಿಸಿ, ಎರಡೂ ಕಾಲು ನೆಲಕ್ಕೆ ಊರಿ. ಗಾಡಿ ನಿಂತರೆ ಅಟ್ಟುವ ಆಟ ಅಲ್ಲಿಗೇ ಮುಗಿಯುತ್ತದೆ. ಆಗಲೂ ಹತ್ತಿರ ಬಂದರೆ ಗಾಡಿಯ ಆ ಕಡೆ ಇಳಿದು ಗಾಡಿಯನ್ನೇ ಅಡ್ಡ ಮಾಡಿಕೊಳ್ಳಿ. ಹಿಂದೆ ಕೂತವರು ಸೀರೆ ಸೆರಗು, ವೇಲ್ ಗಾಳಿಗೆ ಹಾರದಂತೆ ಸಿಕ್ಕಿಸಿಕೊಳ್ಳಲಿ.

5. ಬೀದಿ ನಾಯಿಗಳು ನಿಮ್ಮ ನಾಯಿಯ ಮೇಲೆ ಬಿದ್ದರೆ

ಮೊದಲ ತಪ್ಪು, ಸಣ್ಣ ನಾಯಿಯನ್ನು ಎತ್ತಿ ಎದೆಗೆ ಅವುಚಿಕೊಳ್ಳುವುದು. ಹಿಂಡು ದೂರದಲ್ಲಿದ್ದಾಗ ಎತ್ತಿಕೊಂಡು ಅಂಗಡಿಯೋ ಮನೆಯ ಗೇಟೋ ಸೇರಿಕೊಳ್ಳಿ, ಅದು ಸರಿ. ಕಾಲ ಹತ್ತಿರಕ್ಕೇ ಬಂದ ಮೇಲೆ ಎತ್ತಿದರೆ ಅವು ಹಾರುವುದು ನಿಮ್ಮ ಎದೆ, ಮುಖದ ಎತ್ತರಕ್ಕೆ.

ಎರಡನೇ ತಪ್ಪು, ಕಚ್ಚಾಡುತ್ತಿರುವ ಬಾಯಿಗಳ ನಡುವೆ ಕೈ ಹಾಕುವುದು. ಆ ಹೊತ್ತಿನಲ್ಲಿ ನಿಮ್ಮ ನಾಯಿಯೇ ನಿಮಗೆ ಕಚ್ಚುತ್ತದೆ. ನೀರು ಎರಚಿ. ಚಾದರ ಎಸೆಯಿರಿ. ಕೊಡೆ ಬಿಚ್ಚಿ ನಡುವೆ ತೂರಿಸಿ. ಹತ್ತಿರದ ಮನೆಯವರನ್ನು ಕೂಗಿ ತಗಡು, ಡಬ್ಬಿ ಬಡಿಸಿ. ಯಾವುದಕ್ಕೂ ಬಿಡದಿದ್ದರೆ, ಇಬ್ಬರು ಇದ್ದರೆ ಮಾತ್ರ, ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲುಗಳನ್ನು ತೊಡೆಯ ಹತ್ತಿರ ಹಿಡಿದು ಎತ್ತಿ, ಸುತ್ತು ತಿರುಗುತ್ತಾ ಹಿಂದಕ್ಕೆ ಎಳೆಯಬೇಕು. ತಿರುಗದೆ ಸುಮ್ನೆ ಎಳೆದರೆ ನಾಯಿ ಬಗ್ಗಿ ನಿಮ್ಮ ಕೈಗೇ ಬರುತ್ತದೆ. ಹಿಂಡು ದೊಡ್ಡದಿದ್ದು ನೀವು ಒಬ್ಬರೇ ಇದ್ದರೆ ಹಗ್ಗ ಬಿಟ್ಟುಬಿಡಿ. ಹೇಳಲು ಕಷ್ಟವಾದ ಮಾತು ಇದು. ಆದರೆ ಹಗ್ಗದಲ್ಲಿ ಕಟ್ಟಿಹಾಕಿದ ನಾಯಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

6. ಕಚ್ಚಿದ ಮೇಲೆ: ನೀರು, ಆಸ್ಪತ್ರೆ, ಆಮೇಲೆ ಉಳಿದದ್ದು

ನೀರು ಮತ್ತು ಸಾಬೂನು, 15 ನಿಮಿಷ. ಗಡಿಯಾರ ನೋಡಿಕೊಂಡು 15 ನಿಮಿಷ. ನಳ ಬರುತ್ತಿದ್ದರೆ ಅದರ ಕೆಳಗೆ ಹಿಡಿಯಿರಿ. ಬರದಿದ್ದರೆ ಇಟ್ಟುಕೊಂಡ ಬಕೆಟ್ಟಿನಿಂದ ಒಬ್ಬರು ಚರಗಿಯಲ್ಲಿ ಎಡೆಬಿಡದೆ ಸುರಿಯಲಿ, ಇನ್ನೊಬ್ಬರು ಸಾಬೂನು ಹಚ್ಚಲಿ. ಬಕೆಟ್ಟಿನೊಳಗೆ ಕೈ ಅದ್ದಿ ಇಡಬೇಡಿ, ಹರಿಯುವ ನೀರೇ ಬೇಕು. ಹಲ್ಲು ಇಳಿದ ತೂತು ಸಣ್ಣದಿರಬಹುದು, ಅದರ ಒಳಕ್ಕೆ ನೀರು ಹೋಗುವಂತೆ ಹಾಕಿ. ರೇಬೀಸ್ ವೈರಸ್ ಇರುವುದು ಜೊಲ್ಲಿನಲ್ಲಿ. ಅದು ನರ ಸೇರುವ ಮುಂಚೆ ಗಾಯದಲ್ಲಿದ್ದಷ್ಟನ್ನೂ ತೊಳೆದು ಹಾಕುವುದೇ ಈ 15 ನಿಮಿಷದ ಕೆಲಸ. ಇದು ದುಡ್ಡಿಲ್ಲದ ಔಷಧಿ, ಜನ ಬಿಟ್ಟುಬಿಡುವುದೂ ಇದನ್ನೇ. ಬಟ್ಟೆ ಮೇಲಿಂದ ಕಚ್ಚಿದ್ದರೆ ಬಟ್ಟೆ ಸರಿಸಿ ಚರ್ಮ ನೋಡಿ. ಪ್ಯಾಂಟು ಹರಿದಿಲ್ಲ ಅಂತ ಬಿಟ್ಟವರು ಒಳಗೆ ತರಚಿದ್ದನ್ನು ಗಮನಿಸಿರುವುದಿಲ್ಲ.

ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿಣ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಎಣ್ಣೆ ಯಾವುದೂ ಬೇಡ. ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ಹೊಲಿಗೆಗೆ ಅವಸರ ಮಾಡಬೇಡಿ, ಬೇಕೋ ಬೇಡವೋ ವೈದ್ಯರು ನೋಡುತ್ತಾರೆ. ರಕ್ತ ಧಾರೆಯಾಗಿ ಚಿಮ್ಮುತ್ತಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಸ್ವಚ್ಛ ಬಟ್ಟೆ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ.

ಈಗ ಆಸ್ಪತ್ರೆ. ಅದೇ ದಿನ, ರಾತ್ರಿಯಾಗಿದ್ದರೂ. ಹುಬ್ಬಳ್ಳಿಯಲ್ಲಿ ವಿದ್ಯಾನಗರದ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್), ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ, ಗದಗದಲ್ಲಿ ಜಿಮ್ಸ್, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಉಚಿತ. ಗಾಯವನ್ನು ಮೂರು ದರ್ಜೆಯಲ್ಲಿ ನೋಡುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದ್ದರೆ ತೊಳೆದರೆ ಸಾಕು. ರಕ್ತ ಬರದ ತರಚು ಗಾಯಕ್ಕೆ ಲಸಿಕೆ. ರಕ್ತ ಬಂದ ಕಚ್ಚು, ಇದ್ದ ಗಾಯದ ಮೇಲೆ ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ಬಿದ್ದದ್ದು ಮೂರನೇ ದರ್ಜೆ. ಇದಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಇನ್ನೊಂದು ಔಷಧಿಯನ್ನು ಗಾಯದ ಒಳಗೆ, ಸುತ್ತ ಚುಚ್ಚುತ್ತಾರೆ.

ಇಲ್ಲೇ ಬಹಳ ಜನ ಎಡವುತ್ತಾರೆ. ಲಸಿಕೆ ಮೈಯಲ್ಲಿ ಶಕ್ತಿ ಹುಟ್ಟಿಸಲು ಒಂದೆರಡು ವಾರ ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ಕಾಪಾಡುವುದು ಈ ಎರಡನೇ ಔಷಧಿ. ರಕ್ತ ಬಂದಿದ್ದರೆ "ಡಾಕ್ಟ್ರೇ, ಇಮ್ಯುನೋಗ್ಲೋಬ್ಯುಲಿನ್ ಬೇಕಾಗ್ತದೇನ್ರಿ?" ಅಂತ ನೀವೇ ಬಾಯಿ ಬಿಟ್ಟು ಕೇಳಿ. ಮೊದಲ ದಿನವೇ ಕೊಡುವುದು ಒಳ್ಳೆಯದು, ತಪ್ಪಿದರೆ ಲಸಿಕೆಯ ಮೊದಲ ಡೋಸಿನಿಂದ ಏಳು ದಿನದೊಳಗೆ. ಮುಖ, ತಲೆ, ಕುತ್ತಿಗೆ, ಬೆರಳಿಗೆ ಕಚ್ಚಿದ್ದರೆ ಒಂದು ತಾಸೂ ತಡ ಮಾಡಬೇಡಿ. ಮುಖ, ತಲೆ, ಕುತ್ತಿಗೆಯಿಂದ ಮೆದುಳಿಗೆ ದಾರಿ ಹತ್ತಿರ, ಬೆರಳಲ್ಲಿ ನರಗಳು ಜಾಸ್ತಿ. ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ. ಆದರೆ ಟಿಟಿ ಮಾಡಿಸಿದ್ದೇವಲ್ಲ, ಸಾಕು ಅಂದುಕೊಂಡು ಮನೆಗೆ ಬರಬೇಡಿ. ಅದು ಧನುರ್ವಾಯುವಿಗೆ, ರೇಬೀಸಿಗಲ್ಲ.

ಚರ್ಮದ ಪದರಕ್ಕೆ ಕೊಡುವ ಲಸಿಕೆ ಆದರೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ಕೊಡುವುದು ತೋಳಿಗೆ, ಎಳೆ ಮಕ್ಕಳಿಗೆ ತೊಡೆಗೆ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಹಾಕುವ ಕಾಲ ಹೋಗಿ ಬಹಳ ವರ್ಷವಾಯಿತು, ಅದಕ್ಕೆ ಹೆದರಿ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಬಸುರಿ, ಬಾಣಂತಿ, ಕೂಸು, ಎಲ್ಲರಿಗೂ ಕೊಡಬಹುದು. ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿ. ಗಾಯ ಮಾಯ್ದಿತು ಅಂತ ಮೂರನೇ ಡೋಸಿಗೆ ಬಿಡುವವರು ಜಾಸ್ತಿ. ರೇಬೀಸ್ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಕಂಡ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಕಚ್ಚಿ ನಾಲ್ಕಾರು ದಿನ ಆಗಿಹೋಗಿದ್ದರೂ ಇವತ್ತೇ ಹೋಗಿ. ಹಿಂದೆ ಪೂರ್ತಿ ಕೋರ್ಸ್ ಆದವರು ಆ ಚೀಟಿ ತೋರಿಸಿ, ಅವರಿಗೆ 0 ಮತ್ತು 3ನೇ ದಿನ ಎರಡೇ ಡೋಸ್ ಸಾಕಾಗುತ್ತದೆ.

ಮಗು ನಾಯಿ ಪರಚಿದ್ದನ್ನು ಮುಚ್ಚಿಡುವುದು ಬೈಗುಳದ ಹೆದರಿಕೆಗೆ. "ನಾಯಿ ಮುಟ್ಟಿದ್ರೂ, ಕೆರೆದ್ರೂ ಬಂದು ಹೇಳು, ನಾನು ಬೈಯೋದಿಲ್ಲ" ಅಂತ ಇವತ್ತೇ ಹೇಳಿಡಿ.

7. ಸಾಕಿದ ಪ್ರಾಣಿಗೆ ಗಾಯವಾದರೆ

ಕೈಗವಸು ಹಾಕಿ. ನೋವಿನಲ್ಲಿರುವ ನಾಯಿ ಕಚ್ಚಬಹುದು, ಹಾಗಾಗಿ ಮೆತ್ತನೆಯ ಬಟ್ಟೆ ಪಟ್ಟಿಯಿಂದ ಬಾಯಿ ಕಟ್ಟಿ. ಅದು ವಾಂತಿ ಮಾಡುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ ಮಾತ್ರ ಕಟ್ಟಬೇಡಿ. ಇಲ್ಲೂ ಸಾಬೂನು, ಹರಿಯುವ ನೀರು, 15 ನಿಮಿಷ.

ಸಣ್ಣ ನಾಯಿಯನ್ನು ದೊಡ್ಡ ನಾಯಿ ಬಾಯಲ್ಲಿ ಕಚ್ಚಿ ಝಾಡಿಸಿದ್ದರೆ ಹೊರಗೆ ಎರಡೇ ತೂತು ಕಾಣಬಹುದು. ಕೂದಲ ಕೆಳಗೆ ಚರ್ಮ ಬಿಟ್ಟುಕೊಂಡು, ಮಾಂಸ ಹರಿದು, ಪಕ್ಕೆಲುಬು ಮುರಿದಿರುತ್ತದೆ. ಒಸಡು ಬಿಳಚಿಕೊಂಡಿದ್ದರೆ, ಉಸಿರು ಮೇಲೆಮೇಲೆ ಬರುತ್ತಿದ್ದರೆ, ಎದ್ದು ನಿಲ್ಲದಿದ್ದರೆ ಬೆಳಗಿನವರೆಗೆ ಕಾಯಬೇಡಿ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯುತ್ತದೆ, ಐಬುಪ್ರೊಫೆನ್ ನಾಯಿಗೆ ವಿಷ.

ಲಸಿಕೆ ಆಗಿದ್ದ ಪ್ರಾಣಿಗೂ ಕಚ್ಚಿದ ಮೇಲೆ ಮತ್ತೆ ಡೋಸ್ ಬೇಕಾಗುತ್ತದೆ. ಆಗದಿದ್ದರೆ ವೈದ್ಯರು ಐದು ಡೋಸಿನ ಪಟ್ಟಿ ಬರೆದುಕೊಡಬಹುದು, ಒಂದನ್ನೂ ತಪ್ಪಿಸಬೇಡಿ. ಆ ಪ್ರಾಣಿಯನ್ನು ಮಕ್ಕಳಿಂದ ಬೇರೆ ಇಡಿ, ಮುಖ ನೆಕ್ಕಿಸಿಕೊಳ್ಳಬೇಡಿ, ನಡವಳಿಕೆ ಬದಲಾಗುತ್ತದೆಯೇ ಅಂತ ತಿಂಗಳುಗಟ್ಟಲೆ ಗಮನಿಸಿ.

8. ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣು

ಇಂಜೆಕ್ಷನ್ ಶುರುವಾದ ಮೇಲೆ ನಾಯಿಯ ವಿಚಾರ. ಹತ್ತು ದಿನ ಅದು ಬದುಕಿ ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿಗೆ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಅಂತ ಅರ್ಥ. ಆದರೆ ಈ ಹತ್ತು ದಿನ ನೋಡಿ ಆಮೇಲೆ ಇಂಜೆಕ್ಷನ್ ಶುರು ಮಾಡೋಣ ಅನ್ನುವುದು ಜೀವಕ್ಕೆ ಕುತ್ತು ತರುವ ತಪ್ಪು. ಮೊದಲು ಇಂಜೆಕ್ಷನ್, ಜೊತೆಜೊತೆಗೆ ನಿಗಾ. ಮುಂದಿನ ಡೋಸ್ ನಿಲ್ಲಿಸುವುದೋ ಬಿಡುವುದೋ ವೈದ್ಯರ ತೀರ್ಮಾನ.

ಇದಕ್ಕಾಗಿಯೇ ನಾಯಿಯನ್ನು ಕೊಲ್ಲಬಾರದು, ಓಡಿಸಲೂಬಾರದು. ಕೊಂದರೆ ನೋಡಲು ಏನೂ ಉಳಿಯುವುದಿಲ್ಲ. ವಿಷ ಹಾಕುವುದು ಅಪರಾಧ ಕೂಡ, ನ್ಯಾಯ ಸಂಹಿತೆಯ 325ನೇ ಕಲಂನಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಆ ವಿಷದ ತುತ್ತು ಪಕ್ಕದ ಮನೆಯ ಬೆಕ್ಕಿನ ಹೊಟ್ಟೆಗೋ ಕೂಸಿನ ಕೈಗೋ ಹೋಗಬಹುದು ಅನ್ನುವುದನ್ನು ಯೋಚಿಸಿ.

9. ದೂರು ಬರೆಯುವುದು

"ನಾಯಿ ಕಾಟ ಜಾಸ್ತಿಯಾಗಿದೆ, ಕ್ರಮ ಕೈಗೊಳ್ಳಿ" ಅಂತ ಒಂದು ಸಾಲು ಬರೆದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಯಾವ ನಾಯಿ, ಎಲ್ಲಿ, ಯಾವಾಗ? ಹೀಗೆ ಬರೆಯಿರಿ:

"ನಮ್ಮ ವಾರ್ಡಿನ ಇಂಥ ಓಣಿ, ಇಂಥ ಗುಡಿಯ ಹಿಂದಿನ ಖಾಲಿ ಸೈಟು. ಕಂದು ಮೈ, ಎದೆ ಮೇಲೆ ಬಿಳಿ ಮಚ್ಚೆ, ಗಂಡು ನಾಯಿ, ಕಿವಿ ಗುರುತು ಇಲ್ಲ. ಇಂಥ ದಿನಾಂಕ ಬೆಳಿಗ್ಗೆ 6ಕ್ಕೆ ಹಾಲು ತರಲು ಹೋದ ಮಹಿಳೆಯ ಬಲಗಾಲಿಗೆ ಕಚ್ಚಿದೆ. ಆಸ್ಪತ್ರೆ ಚೀಟಿಯ ನಕಲು, ನಾಯಿಯ ಫೋಟೊ ಜೊತೆಗಿದೆ. ದಿನಾ ರಾತ್ರಿ 10ರ ಹೊತ್ತಿಗೆ ಈ ಸೈಟಿನಲ್ಲಿ ಸಿಗುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಹಿಡಿದು ನಿಗಾದಲ್ಲಿ ಇಡಬೇಕು, ಉಳಿದ ಆರು ನಾಯಿಗಳಿಗೆ ಸಂತಾನಹರಣ, ಲಸಿಕೆ ಮಾಡಿಸಬೇಕು."

ಎರಡು ಪ್ರತಿ ಮಾಡಿ ವಲಯ ಕಚೇರಿಗೆ ಕೊಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಓಣಿಯ ಹತ್ತು ಮನೆಯವರ ಸಹಿ ಇದ್ದರೆ ತೂಕ ಬೇರೆ. ವಾರ್ಡ್ ಸದಸ್ಯರಿಗೂ ಒಂದು ಪ್ರತಿ ಕೊಡಿ.

ಏನು ಕೇಳಬಹುದು, ಏನು ಕೇಳಿದರೆ ಆಗುವುದಿಲ್ಲ ಅನ್ನುವುದು ಗೊತ್ತಿರಲಿ. "ಎಲ್ಲಾ ನಾಯಿ ಹಿಡಿದು ಊರಾಚೆ ಬಿಟ್ಟು ಬನ್ನಿ" ಅನ್ನುವುದು ನಿಯಮದಲ್ಲಿ ಇಲ್ಲ. ಚಿಕಿತ್ಸೆ, ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಆದರೆ ರೇಬೀಸ್ ಇರುವ, ಇದೆ ಅಂತ ಅನುಮಾನ ಇರುವ, ಮೈಮೇಲೆ ಬೀಳುವ ಸ್ವಭಾವದ ನಾಯಿಯನ್ನು ಮತ್ತೆ ಬೀದಿಗೆ ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಲ್ಲಿರುವ ನಾಯಿಗಳನ್ನು ಹಿಡಿದು ಅಲ್ಲಿಗೆ ವಾಪಸ್ ಬಿಡಬಾರದು ಅಂತ ಅದೇ ಕೋರ್ಟಿನ ಅದೇ ವರ್ಷದ ನವೆಂಬರ್ 7ರ ಆದೇಶ ಇದೆ. ನಿಮ್ಮ ಸಮಸ್ಯೆ ಶಾಲೆಯ ಅಂಗಳದ್ದಾದರೆ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಈ ಆದೇಶ ಉಲ್ಲೇಖಿಸಿ ಪ್ರತ್ಯೇಕ ಅರ್ಜಿ ಕೊಡಿ.

10. ಓಣಿಯಲ್ಲಿ ನಾಯಿ ಸೇರುವ ಕಾರಣ ತೆಗೆಯುವುದು

ಎಲ್ಲಕ್ಕಿಂತ ನಿಧಾನದ ಕೆಲಸ ಇದು, ಹೆಚ್ಚು ದಿನ ಫಲ ಕೊಡುವುದೂ ಇದೇ. ನಾಯಿ ಹಿಡಿದುಕೊಂಡು ಹೋದರೂ ಅನ್ನ ಬೀಳುವ ಜಾಗ ಹಾಗೇ ಇದ್ದರೆ ಪಕ್ಕದ ಓಣಿಯಿಂದ ಹೊಸ ನಾಯಿ ಬಂದು ಸೇರುತ್ತದೆ. ಅದಕ್ಕೆ ಲಸಿಕೆಯೂ ಆಗಿರುವುದಿಲ್ಲ, ನಿಮ್ಮ ಪರಿಚಯವೂ ಇರುವುದಿಲ್ಲ.

ಕಸದ ಗಾಡಿ ಬಂದಾಗಲೇ ಕಸ ಕೊಡಿ, ರಾತ್ರಿಯೇ ಗೇಟಿನ ಹೊರಗೆ ಚೀಲ ಇಡಬೇಡಿ. ಮಾಂಸದಂಗಡಿ, ಖಾನಾವಳಿಯವರ ಹತ್ತಿರ ನಾಲ್ಕು ಜನ ಹಿರಿಯರು ಹೋಗಿ ಮಾತಾಡಿ. "ಅಣ್ಣಾರ, ಎಲುಬು ಚರಂಡಿಗೆ ಹಾಕಬ್ಯಾಡ್ರಿ, ಡಬ್ಬಿಯೊಳಗ ಇಟ್ಟು ಗಾಡಿಗೆ ಕೊಡ್ರಿ" ಅಂದರೆ ಕೇಳುವವರೇ ಜಾಸ್ತಿ. ಕೇಳದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ಅನ್ನ ಹಾಕುವವರನ್ನು ವೈರಿ ಮಾಡಿಕೊಳ್ಳಬೇಡಿ. ನಾಯಿಯನ್ನು ಕೈಗೆ ಸಿಗುವಂತೆ ಮಾಡಬಲ್ಲವರು ಅವರೊಬ್ಬರೇ. ಪಾಲಿಕೆಯವರು ಬಲೆ ಹಿಡಿದು ಬಂದರೆ ಓಡುವ ನಾಯಿ, ದಿನಾ ರೊಟ್ಟಿ ಹಾಕುವ ಅಜ್ಜಿ ಕರೆದರೆ ಬಾಲ ಅಲ್ಲಾಡಿಸಿ ಬರುತ್ತದೆ. 2023ರ ನಿಯಮದಲ್ಲಿ ಅನ್ನ ಹಾಕಲು ಜಾಗ, ಹೊತ್ತು ಗೊತ್ತು ಮಾಡಬೇಕು ಅಂತ ಇದೆ. ಮಕ್ಕಳು ಆಡುವ ಜಾಗ, ಮನೆ ಬಾಗಿಲು, ಮೆಟ್ಟಿಲ ಬುಡದಿಂದ ಆ ಜಾಗ ದೂರ ಇರಬೇಕು. ಸುಪ್ರೀಂ ಕೋರ್ಟ್ ಕೂಡ ವಾರ್ಡಿನಲ್ಲಿ ಇದಕ್ಕೆಂದೇ ಜಾಗ ಮಾಡಿ, ರಸ್ತೆಯಲ್ಲಿ ಹಾಕಬೇಡಿ ಅಂತ ಹೇಳಿದೆ. ಅಜ್ಜಿಗೆ ಇದನ್ನು ಸಮಾಧಾನದಿಂದ ಹೇಳಿ, ಓಣಿಯ ಕೊನೆಯಲ್ಲಿ ಒಂದು ಜಾಗ ತೋರಿಸಿ. ಲಸಿಕೆಯ ತಂಡ ಬರುವ ದಿನ ಅಲ್ಲಿ ನಿಂತು ಒಂದೊಂದೇ ನಾಯಿ ಕರೆಯಲು ಒಪ್ಪಿಸಿ.

ಊರಿನ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆ ಆದರೆ ರೇಬೀಸ್ ಹರಡುವ ಸರಪಳಿ ತುಂಡಾಗುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಿಮ್ಮ ಓಣಿಯಲ್ಲಿ ಹತ್ತು ನಾಯಿ ಇದ್ದರೆ ಏಳು. ಮೊದಲನೇ ಹಂತದ ಚೀಟಿ ತೆಗೆದು ಯಾವುದಕ್ಕೆ ಲಸಿಕೆ ಆಯಿತು, ಯಾವುದರ ಕಿವಿಗೆ ಗುರುತು ಬಂತು ಅಂತ ಟಿಕ್ ಹಾಕುತ್ತಾ ಹೋಗಿ. ಆರು ತಿಂಗಳಿಗೊಮ್ಮೆ ಹೊಸ ನಾಯಿ, ಹೊಸ ಮರಿ ಸೇರಿಸಿ ಪಟ್ಟಿ ತಿದ್ದಿ, ವಲಯ ಕಚೇರಿಗೆ ಅದರ ನಕಲು ಕೊಡಿ.